ಸಹಾಯ ಬೇಕು: ವಿಎಂ ಫೈಲ್ ಲಾಕ್ ಆಗ್ಯಾವ, ಫ್ಲಾಟ್ ಫೈಲ್ ಉಳದದ

ನಮಸ್ಕಾರ್ರಿ. ಕಲಬುರಗಿಯ ಒಂದು ತೊಗರಿ ದಾಲ್ ಮಿಲ್‌ನ ಕಂಪ್ಯೂಟರ್ ಕೆಲಸ ನಾನೇ ನೋಡ್ಕೋತೀನಿ. ಹಳೇ ಇಎಸ್‌ಎಕ್ಸ್‌ಐ 6.7 (ಒಂದೇ ಯಂತ್ರದಾಗ ಹಲವು ಕಂಪ್ಯೂಟರ್ ನಡಸೋ ವಿಎಂವೇರ್ ಸಾಫ್ಟ್‌ವೇರ್) ಸರ್ವರ್‌ನಾಗ ಎರಡು ವಿಎಂ, ಅಂದ್ರ ವರ್ಚುವಲ್ ಮಷಿನ್: ಒಂದ್ರಾಗ ಟ್ಯಾಲಿ, ಇನ್ನೊಂದ್ರಾಗ ಲಾರಿ ಕಾಟಾದ ಲೆಕ್ಕ. ಸೋಮವಾರ ಮುಂಜಾನೆ ನೋಡಿದ್ರ ಎರಡೂ ಬಂದ್. ವಿಎಂ ಫೈಲ್ ಇರೋ ಡೇಟಾಸ್ಟೋರ್ ತೆರೆದ್ರ ವಿಎಂಎಕ್ಸ್ (ವಿಎಂನ ಸೆಟ್ಟಿಂಗ್), ವಿಎಂಡಿಕೆ (ಅದರ ಡಿಸ್ಕಿನ ವಿವರ) ಪ್ರತಿಯೊಂದರ ಪಕ್ಕದಾಗೂ ಒಂದೊಂದು ಸಣ್ಣ ‘.ಆರ್ಗ್ಸ್’ ಫೈಲ್. ಬಿಟ್‌ಕಾಯಿನ್ ಕೇಳೋ ಚೀಟಿ ಬ್ಯಾರೆ.

2023ರ ಫೆಬ್ರವರಿಯಾಗ ಸುದ್ದಿ ಆಗಿದ್ದ, ಫೈಲ್ ಲಾಕ್ ಮಾಡಿ ರೊಕ್ಕ ಕೇಳೋ ಇಎಸ್‌ಎಕ್ಸ್‌ಐಆರ್ಗ್ಸ್ ವೈರಸ್ ಇದೇ ಅನಸ್ತದ. ಅದು ನುಗ್ತದ ಅನ್ನೋ ಓಪನ್‌ಎಸ್‌ಎಲ್‌ಪಿ (ಇಎಸ್‌ಎಕ್ಸ್‌ಐನ ಒಂದು ನೆಟ್‌ವರ್ಕ್ ಸೇವೆ) ತೂತಿಗೆ 2021ರಾಗೇ ಪ್ಯಾಚ್ ಬಂದಿತ್ತು, ನಾ ಹಾಕಿರಲಿಲ್ಲ. ಬೈಯೋರು ಆಮ್ಯಾಗ ಬೈರಿ.

ನೆಟ್‌ವರ್ಕ್ ಕೇಬಲ್ ಕಿತ್ತೀನಿ, ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ದೂರು ಕೊಟ್ಟೀನಿ. ಯಾವ ಫೈಲೂ ಅಳಿಸಿಲ್ಲ, ಎಲ್ಲಾ ಬ್ಯಾರೆ ಡಿಸ್ಕಿಗೆ ಕಾಪಿ ಆಗ್ಲಿಕತ್ತದ.

ಈಗ ಪ್ರಶ್ನೆ. ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ ಬಿಟ್ಟ ಸ್ಕ್ರಿಪ್ಟ್, ಕೆಡದೇ ಉಳಿದ ಫ್ಲಾಟ್ ಫೈಲ್ (ವಿಎಂ ಡಿಸ್ಕಿನ ಅಸಲಿ ಡೇಟಾ) ಹಿಡದು ವಿಎಂಡಿಕೆ ಹೊಸದಾಗಿ ಕಟ್ಟತದ. ಆದ್ರ ಈ ವೈರಸ್‌ನ ಆಮ್ಯಾಲಿನ ತಳಿ ದೊಡ್ಡ ಫೈಲ್‌ನ ಸುಮಾರು ಅರ್ಧ ಡೇಟಾ ಎನ್‌ಕ್ರಿಪ್ಟ್ ಮಾಡ್ತದಂತ. ನನ್ನ ಫ್ಲಾಟ್ ಫೈಲ್ 180 ಜಿಬಿ ಅಂತ ತೋರಸ್ತದ, ಸೈಜ್ ನೋಡಿ ಒಳಗ ಕೆಟ್ಟದೋ ಇಲ್ಲೋ ಗೊತ್ತಾಗಂಗಿಲ್ಲ. ಸ್ಕ್ರಿಪ್ಟ್ ಓಡ್ಸೋ ಮುಂಚೆ ಪರೀಕ್ಷೆ ಮಾಡೋದು ಹ್ಯಾಂಗ? ಟ್ಯಾಲಿ ವಿಎಂಗೆ ಹಳೇ ಸ್ನ್ಯಾಪ್‌ಶಾಟ್ (ಆ ಹೊತ್ತಿನ ಸ್ಥಿತಿ ಹಿಡದಿಟ್ಟದ್ದು) ಒಂದದ. ಅಂದ್ರ ಈಚಿನ ಲೆಕ್ಕೆಲ್ಲಾ, ಸ್ನ್ಯಾಪ್‌ಶಾಟ್ ಆದ ಮ್ಯಾಲಿನ ಬದಲಾವಣೆ ಇಡೋ ಡೆಲ್ಟಾ ಫೈಲ್‌ನಾಗದ, ಬರೇ ಫ್ಲಾಟ್ ಎಬ್ಬಿಸಿದ್ರ ಸಾಲಂಗಿಲ್ಲ. ಸ್ನ್ಯಾಪ್‌ಶಾಟೇ ಬ್ಯಾಕಪ್ ಅಂತ ತಿಳದಿದ್ದೆ ನೋಡ್ರಿ.

ಸಾವ್ಕಾರ್ರು ‘ರೊಕ್ಕ ಕೊಟ್ಟು ಮುಗಸು’ ಅಂತಾರ, ನಾ ಒಲ್ಲೆ ಅಂದೀನಿ. ಕಲಬುರಗಿ, ಬೀದರ್ ಕಡೆ ಖುದ್ದು ಇದನ್ನ ಎಬ್ಬಿಸಿದವರಿದ್ರ ಮೆಸೇಜ್ ಮಾಡ್ರಿ, ಗಾಡಿ ತಗೊಂಡು ನಾನೇ ಬರ್ತೀನಿ.