ಜಾರ್ಜ್ ಸ್ಯಾಂಡ್ ವಿಚ್ಛೇದನ ಪಡೆಯಲಿಲ್ಲವೇಕೆ?

ಪ್ರಶ್ನೆ (ಕಲಬುರಗಿಯಿಂದ):
ನಮ್ಮ ಮಹಿಳಾ ಓದುಗರ ಬಳಗದಲ್ಲಿ ಬರುವ ಭಾನುವಾರ ಫ್ರೆಂಚ್ ಕಾದಂಬರಿಗಾರ್ತಿ ಜಾರ್ಜ್ ಸ್ಯಾಂಡ್ ಕುರಿತು ನಾನು ಮಾತನಾಡಬೇಕಾಗಿದೆ. ಹದಿನೆಂಟಕ್ಕೇ ಮದುವೆಯಾದ ಆಕೆ, ಗಂಡನೊಂದಿಗೆ ಬಾಳಲಾಗದೆ ಹೋದಾಗ ವಿಚ್ಛೇದನ ಪಡೆಯದೆ ಕೇವಲ ಪ್ರತ್ಯೇಕ ವಾಸಕ್ಕೆ ಒಪ್ಪಿದ್ದೇಕೆ?

ಉತ್ತರ (ಬೀದರಿನಿಂದ):
ಅಕ್ಕನವರೇ, ಶರಣು. ಆಗ ಫ್ರಾನ್ಸಿನಲ್ಲಿ ವಿಚ್ಛೇದನವೇ ಇರಲಿಲ್ಲ. 1816ರಲ್ಲಿ ರದ್ದಾದ ಆ ಹಕ್ಕು ಮರಳಿದ್ದು 1884ರಲ್ಲಿ, ಅಂದರೆ ಆಕೆ ತೀರಿಕೊಂಡು ಎಂಟು ವರ್ಷಗಳಾದ ಮೇಲೆ. ಆದರೂ ನೀವು ಬಾಲ್ಯದಿಂದಲೇ ಆರಂಭಿಸಬೇಕೆಂದು ನನ್ನ ವಿನಂತಿ. 1804ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ ಔರೋರ್ ದ್ಯುಪಾಂ (ಇದು ಆಕೆಯ ತವರಿನ ಹೆಸರು), ನಾಲ್ಕರ ವಯಸ್ಸಿನಲ್ಲಿ ತಂದೆ ಕುದುರೆಯಿಂದ ಬಿದ್ದು ತೀರಿಕೊಂಡ ಬಳಿಕ, ನೊಆಂ ಹಳ್ಳಿಯಲ್ಲಿ ಸಿರಿವಂತ ಅಜ್ಜಿಯ ಆಸರೆಯಲ್ಲಿ ಬೆಳೆದಳು. ತಾಯಿ ಹಕ್ಕಿ ಮಾರುವವನ ಮಗಳಾಗಿದ್ದರಿಂದ, ಅತ್ತೆ ಸೊಸೆಯರ ಮನಸ್ತಾಪದ ನಡುವೆ ಆ ಮಗು ಬಹಳ ನೊಂದಿತು.

ಉತ್ತರ (ಯಾದಗಿರಿಯಿಂದ):
ಅಜ್ಜಿ 1821ರಲ್ಲಿ ತೀರಿಕೊಂಡರು. ಮರುವರ್ಷವೇ ಕಾಸಿಮಿರ್ ದ್ಯುದೆವಾಂ ಜೊತೆ ಮದುವೆ. ನೊಆಂ ಆಸ್ತಿ ಅಜ್ಜಿಯಿಂದ ಆಕೆಗೇ ಬಂದದ್ದಾದರೂ, ಅಂದಿನ ಕಾನೂನಿನಂತೆ ಅದರ ಆಡಳಿತ ಗಂಡನ ಕೈಸೇರಿತ್ತು. 1836ರ ಪ್ರತ್ಯೇಕ ವಾಸದಿಂದ ಆಕೆಗೆ ತನ್ನ ಮನೆ ಮರಳಿ ಸಿಕ್ಕಿತು. ಆದ್ದರಿಂದ ಅದನ್ನು ‘ಕೇವಲ’ ಎನ್ನಬೇಡಿರಿ, ಅಕ್ಕನವರೇ.