ಉಪ್ಪು ನೋಡಿದ ಮೂವರು

ಆಟಿಯ ಮಳೆ ಹಿಡಿದುಕೊಂಡಿದ್ದ ಸಂಜೆ, ಕಲ್ಸಂಕದ ಹೋಟೆಲಿನಲ್ಲಿ ಗೋಳಿಬಜೆಯ ಎರಡನೆಯ ತಟ್ಟೆ ಬರುವ ಹೊತ್ತಿಗೆ ಶೆಟ್ಟರು ಬಂದರು. ಅವರು ಬಾಯಿ ತೆರೆಯುವ ಮೊದಲೇ ಹೊಸ ಕಾರಿನ ಹಿಂದಿನ ಬಂಪರು ಅರ್ಧ ಕಥೆ ಹೇಳಿ ಮುಗಿಸಿತ್ತು. ಹಿಂದೆ ಏನಾದರೂ ಅಡ್ಡವಿದ್ದರೆ ಕೂಗಬೇಕಾದ ಸೆನ್ಸರು ಕೆಮ್ಮಣ್ಣು ಮೆತ್ತಿಕೊಂಡು, ಏನೂ ಇಲ್ಲದ ಕಡೆಯಲ್ಲೆಲ್ಲ ಕೂಗಿ ತಲೆ ತಿಂದದ್ದರಿಂದ ಅವರು ಅದನ್ನು ಬಂದ್ ಮಾಡಿದ್ದರು. ಮೂರನೆಯ ದಿನ ಅಂಗಳದಲ್ಲಿ ಹಿಂದಕ್ಕೆ ತೆಗೆಯುವಾಗ ಸೀದಾ ದರೆಗೆ ಹೊಡೆದರು.

"ಬಂಪರಿನಲ್ಲಿ ನಾಲ್ಕಿವೆ ಮಾರಾಯ್ರೇ, ಆದರೆ ಒಂದೊಂದೂ ತನ್ನ ಪಾಲಿನ ಜಾಗವನ್ನು ಮಾತ್ರ ನೋಡುತ್ತದಂತೆ. ವಿಮಾನದಲ್ಲಿ ಒಂದೇ ಕೆಲಸಕ್ಕೆ ಮೂರು ಮೂರು ಇಡುತ್ತಾರಲ್ಲ, ಹಾಗೆ ಇಡಬಾರದಿತ್ತೇ?"

ಪಾಲಿಟೆಕ್ನಿಕ್‌ನಲ್ಲಿ ಮೂವತ್ತು ವರ್ಷ ಪಾಠ ಮಾಡಿದ ರಾಯರಿಗೆ ಇಷ್ಟು ಸಾಕಾಯಿತು. "ಎಲ್ಲ ವಿಮಾನಗಳಲ್ಲಿಯೂ ಹಾಗಿಲ್ಲ. ಬೋಯಿಂಗ್ 737 ಮ್ಯಾಕ್ಸ್‌ನಲ್ಲಿ ರೆಕ್ಕೆಗೆ ಗಾಳಿ ಎಷ್ಟು ಓರೆಯಾಗಿ ತಾಗುತ್ತಿದೆ ಎಂದು ಅಳೆಯುವ ಸೆನ್ಸರುಗಳು ಎರಡಿದ್ದವು. ಆದರೆ ಮೂತಿಯನ್ನು ತಾನಾಗಿ ಕೆಳಕ್ಕೆ ಒತ್ತುವ ಎಂಕ್ಯಾಸ್ ಎಂಬ ವ್ಯವಸ್ಥೆ ಒಂದು ಸಲಕ್ಕೆ ಒಂದರ ಮಾತನ್ನೇ ಕೇಳುತ್ತಿತ್ತು. 2018ರಲ್ಲಿ ಒಂದು, 2019ರಲ್ಲಿ ಇನ್ನೊಂದು ವಿಮಾನ ಬಿದ್ದು, ಅವುಗಳಲ್ಲಿದ್ದ 346 ಜನರೂ ಹೋದರು. ಆಮೇಲೆ ಎರಡನ್ನೂ ಹೋಲಿಸುವಂತೆ ತಿದ್ದಿದರು. ಎರಡರ ಲೆಕ್ಕ ತೀರ ಬೇರೆಯಾದರೆ ಆ ವ್ಯವಸ್ಥೆ ಕೈಕಟ್ಟಿ ಕುಳಿತುಕೊಳ್ಳುತ್ತದೆ. ಏಕೆಂದರೆ ಇಬ್ಬರಲ್ಲಿ ಒಬ್ಬ ಸುಳ್ಳು ಹೇಳುತ್ತಿದ್ದಾನೆ ಎಂದು ಗೊತ್ತಾಗುತ್ತದೆಯೇ ಹೊರತು ಯಾರು ಎಂದು ಗೊತ್ತಾಗುವುದಿಲ್ಲ."

"ಅದಕ್ಕೇ ಮೂರು!" ಎಂದು ಶೆಟ್ಟರು ಮೇಜು ತಟ್ಟಿದರು. "ಬಹುಮತ ಬಂದ ಕಡೆ ಸತ್ಯ."

ಭಟ್ಟರು ಚಟ್ನಿಯ ಬಟ್ಟಲನ್ನು ಬದಿಗೆ ಸರಿಸಿದರು. "ನಿಮ್ಮ ಮಗಳ ನಿಶ್ಚಿತಾರ್ಥದ ಸಾಂಬಾರು ನೆನಪಿದೆಯೇ? ನಮ್ಮ ಮಡಿ ಅಡುಗೆಯಲ್ಲಿ ರುಚಿ ನೋಡುವ ಕ್ರಮವಿಲ್ಲ, ಪರಿಮಳದಲ್ಲೇ ಉಪ್ಪು ತಿಳಿಯಬೇಕು. ಅಲ್ಲಿ ಮಾತ್ರ ನಿಮ್ಮ ಒತ್ತಾಯಕ್ಕೆ ಮೂವರ ಅಂಗೈಗೆ ಒಂದೊಂದು ಸೌಟಿನ ಹನಿ ಬಿಟ್ಟೆ. ನಿಮ್ಮ ಹೆಂಡತಿ ಸಾಕು ಎಂದರು. ನಿಮ್ಮ ಭಾವಂದಿರಿಬ್ಬರೂ ಸಪ್ಪೆ ಎಂದರು. ಬಹುಮತಕ್ಕೆ ತಲೆಬಾಗಿ ಇನ್ನೊಂದು ಹಿಡಿ ಹಾಕಿದೆ. ಆಮೇಲೆ ನೋಡಿದರೆ ಇಬ್ಬರೂ ಒಂದೇ ತಟ್ಟೆಯಿಂದ ಎಲೆಅಡಿಕೆ ಹಾಕಿಕೊಂಡು, ನಾಲಿಗೆ ಸುಣ್ಣದಲ್ಲಿ ಸುಟ್ಟುಕೊಂಡಿದ್ದರು."

ನಾವು ನಕ್ಕೆವು; ರಾಯರು ಮಾತ್ರ ನಗಲಿಲ್ಲ. 2008ರ ನವೆಂಬರಿನಲ್ಲಿ ಫ್ರಾನ್ಸಿನ ಪೆರ್ಪಿನ್ಯಾನ್ ಬಳಿ ಆದದ್ದು ಇದೇ ಎಂದರು. ಬಣ್ಣ ಬಳಿಯುವ ಮೊದಲು ಏರ್‌ಬಸ್ ಎ320 ಒಂದನ್ನು ತೊಳೆಯುವಾಗ ಗಾಳಿಯ ಓರೆ ಅಳೆಯುವ ಇಂಥವೇ ಸೆನ್ಸರುಗಳನ್ನು ಮುಚ್ಚಿರಲಿಲ್ಲ. ಮೂರರಲ್ಲಿ ಎರಡರೊಳಗೆ ಹೋದ ನೀರು ವಿಮಾನ ಮೇಲೇರಿದಾಗ ಹೆಪ್ಪುಗಟ್ಟಿ ಎರಡೂ ಒಂದೇ ಕೋನದಲ್ಲಿ ಸಿಕ್ಕಿಕೊಂಡವು. ಸರಿಯಿದ್ದ ಮೂರನೆಯದನ್ನು ಕಂಪ್ಯೂಟರು ತಳ್ಳಿಹಾಕಿತು. ಪೈಲಟರು ಕಡಿಮೆ ಎತ್ತರದಲ್ಲಿ ವೇಗ ತಗ್ಗಿಸಿ, ವೇಗ ತೀರ ಕುಗ್ಗಿದಾಗ ವಿಮಾನವನ್ನು ಕಾಯುವ ರಕ್ಷಣಾ ವ್ಯವಸ್ಥೆಯನ್ನು ಪರೀಕ್ಷಿಸಲು ಹೊರಟಾಗ ಅದು ಎಚ್ಚರಗೊಳ್ಳಲೇ ಇಲ್ಲ. ವಿಮಾನದಲ್ಲಿದ್ದ ಏಳು ಮಂದಿಯೂ ಸಮುದ್ರದ ಪಾಲಾದರು.

ಸ್ವಲ್ಪ ಹೊತ್ತು ಹಂಚಿನ ಮೇಲಿನ ಮಳೆಯ ಸದ್ದು ಮಾತ್ರ ಕೇಳಿಸಿತು. "ಹಾಗಾದರೆ ಮೂರನ್ನೂ ಒಟ್ಟಿಗೆ ತೊಳೆಯಬಾರದು ಎಂದಾಯಿತು" ಎಂದು ಶೆಟ್ಟರು ಮೆಲ್ಲಗೆ ಹೇಳಿದರು. ಈ ಮಾತು ಎಂಜಿನಿಯರರ ದಪ್ಪ ಪುಸ್ತಕಕ್ಕಿಂತ ಕಡಿಮೆಯೇನಲ್ಲ ಎಂದು ನನಗನ್ನಿಸಿತು.

ಹೊರಡುವಾಗ ಕಾರನ್ನು ಹಿಂದಕ್ಕೆ ತೆಗೆಸಲು ಎಲ್ಲರೂ ಇಳಿದೆವು. ನಾನೂ ರಾಯರೂ ಒಂದೇ ಕೊಡೆಯಡಿ ಎಡಬದಿಯಲ್ಲಿ ನಿಂತು "ಬರಲಿ, ಬರಲಿ" ಎಂದೆವು. ಬಲಬದಿಯಲ್ಲಿ ತಲೆಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ನಿಂತಿದ್ದ ಭಟ್ಟರು ಒಬ್ಬರೇ "ನಿಲ್ಲಿಸಿ!" ಎಂದು ಕೂಗಿದರು. ಶೆಟ್ಟರು ಬ್ರೇಕು ಒತ್ತಿ, ಗಾಜು ಇಳಿಸಿ, ನಮ್ಮಿಬ್ಬರತ್ತ ತಿರುಗಿ ಕೇಳಿದರು:

"ನೀವಿಬ್ಬರೂ ಎಲೆಅಡಿಕೆ ಹಾಕಿಕೊಂಡಿದ್ದೀರಾ?"