ಎಲ್ ಸಾಲ್ವಡಾರ್‌ನ ದಿಯಾಸ್ ಆರ್ಸೆ ನಿಜಕ್ಕೂ ದೊಡ್ಡ ಸ್ಟ್ರೈಕರಾ, ಇಲ್ಲಾ ಆಗಿನ ಎಂಎಲ್‌ಎಸ್ ಸುಲಭ ಇತ್ತಾ?

ಕೊನೆಸಾಲಿನ_ಫಾರ್ವರ್ಡ್

ಅಮೆರಿಕದ ಫುಟ್‌ಬಾಲ್ ಲೀಗ್ ಎಂಎಲ್‌ಎಸ್ ಶುರುವಾದ 1996ರ ಗೋಲು ಪಟ್ಟಿ ನೋಡುತ್ತಿದ್ದೆ. ಮೊದಲ ಸ್ಥಾನದಲ್ಲಿ ಟ್ಯಾಂಪಾ ಬೇ ತಂಡದ ರಾಯ್ ಲ್ಯಾಸಿಟರ್, 27 ಗೋಲು. ಇದು ಸುಮಾರು ಜನಕ್ಕೆ ಗೊತ್ತಿರುವ ವಿಷಯ. ಎರಡನೆಯವನು ವಾಷಿಂಗ್ಟನ್ ತಂಡ ಡಿ.ಸಿ. ಯುನೈಟೆಡ್‌ನ ರೌಲ್ ದಿಯಾಸ್ ಆರ್ಸೆ, 23 ಗೋಲು. ಆಮೇಲೆ ಹುಡುಕಿದರೆ ಎಂಎಲ್‌ಎಸ್‌ನಲ್ಲಿ ಒಟ್ಟು 82 ಗೋಲು, ಎಲ್ ಸಾಲ್ವಡಾರ್ ಪರ 39. ದೇಶದ ಪರ ಅದೇ ಇವತ್ತಿಗೂ ದಾಖಲೆ. ಇಷ್ಟೆಲ್ಲ ಇದ್ದೂ ಆ ದೇಶದ ಫುಟ್‌ಬಾಲ್ ಮಾತು ಬಂದಾಗ ಎಲ್ಲರೂ 'ಮಾಖಿಕೊ' ಗೊನ್ಸಾಲೆಸ್ ಒಬ್ಬನನ್ನೇ ಹೊಗಳುತ್ತಾರೆ. ಇವನ ಹೆಸರೇ ಬರುವುದಿಲ್ಲ. ಆಗ ಲೀಗ್ ಅಷ್ಟು ದುರ್ಬಲ ಇತ್ತು ಅಂತಾನಾ? ಆಗಿನ ಪಂದ್ಯ ನೋಡಿದವರು ಯಾರಾದರೂ ಹೇಳಿ.

ಆಫ್‌ಸೈಡ್_ಗೆರೆ

ಲೀಗ್ ದುರ್ಬಲವೇ ಇತ್ತು, ಅದರಲ್ಲಿ ಮುಚ್ಚಿಡುವುದು ಏನಿದೆ. ಗಡಿಯಾರ ಹಿಂದಕ್ಕೆ ಎಣಿಸುತ್ತಿತ್ತು, ಡ್ರಾ ಅನ್ನುವುದೇ ಇರಲಿಲ್ಲ, ಪಂದ್ಯ ಸಮ ಆದರೆ 35 ಗಜದಿಂದ ಚೆಂಡು ತಳ್ಳಿಕೊಂಡು ಬಂದು ಗೋಲ್‌ಕೀಪರ್ ಎದುರು ಶೂಟೌಟ್! ಡಿಫೆಂಡರ್‌ಗಳಲ್ಲಿ ಎಷ್ಟೋ ಜನ ಕಾಲೇಜು ಫುಟ್‌ಬಾಲ್‌ನಿಂದ ನೇರ ಬಂದವರು. ಇವನ ಹಿಂದೆ ಪಾಸ್ ಕೊಡಲು ಮಾರ್ಕೊ ಎಚೆವೆರಿ, ಪಕ್ಕದಲ್ಲಿ ಹೈಮೆ ಮೊರೆನೊ. ಇಬ್ಬರೂ ಬೊಲಿವಿಯಾದವರು, ಇಬ್ಬರೂ ಆ ಲೀಗ್‌ಗಿಂತ ಒಂದು ಮೆಟ್ಟಿಲು ಮೇಲಿನವರು. ಅಂಥ ತಂಡದಲ್ಲಿ ನಂಬರ್ 9 (ಮುಖ್ಯ ಸ್ಟ್ರೈಕರ್) ಆಗಿ ನಿಂತರೆ ಗೋಲು ಬರದೇ ಇರುತ್ತಾ? ಕೆಟ್ಟ ಆಟಗಾರ ಅನ್ನುತ್ತಿಲ್ಲ. ಆದರೆ ಮಾಖಿಕೊ ಸ್ಪೇನ್‌ನಲ್ಲಿ ಆಡಿದವನು. ಅವನ ಜೊತೆ ಹೋಲಿಸಬೇಡಿ.

ಹಳೇ_ಸ್ಕೋರ್‌ಬೋರ್ಡ್

ಎಚೆವೆರಿ ಪಾಸ್ ಕೊಟ್ಟಿದ್ದಕ್ಕೇ ಗೋಲು ಬಂತು ಅನ್ನುವ ವಾದಕ್ಕೆ 1998 ಒಂದೇ ಸಾಕು ಉತ್ತರ.

ಡಿ.ಸಿ. 1996ರಲ್ಲೂ 1997ರಲ್ಲೂ ಎಂಎಲ್‌ಎಸ್ ಕಪ್ ಗೆದ್ದಿತು. 1997ರಲ್ಲಿ ಮೊರೆನೊ 16 ಗೋಲು ಹೊಡೆದು ಲೀಗ್‌ನಲ್ಲೇ ಮೊದಲಿಗ, ದಿಯಾಸ್ ಆರ್ಸೆಯದು 15. ಇಬ್ಬರು ಒಂದೇ ತಂಡದಲ್ಲಿ! ಆದರೆ ಎಂಎಲ್‌ಎಸ್‌ನಲ್ಲಿ ಆಟಗಾರರ ಒಪ್ಪಂದ ಇರುವುದು ಲೀಗ್ ಜೊತೆ, ಅದರ ಮೇಲೆ ಪ್ರತಿ ತಂಡಕ್ಕೂ ಸಂಬಳದ ಮಿತಿ. ಗೆದ್ದ ತಂಡ ತನ್ನೆಲ್ಲ ಒಳ್ಳೆಯ ಆಟಗಾರರನ್ನು ಇಟ್ಟುಕೊಳ್ಳುವುದು ಕಷ್ಟ. ಹಾಗೆ 1998ಕ್ಕೆ ಇವನು ನ್ಯೂ ಇಂಗ್ಲೆಂಡ್ ರೆವಲ್ಯೂಷನ್ ಸೇರಿದ. ಮಜಾ ಏನು ಅಂದರೆ ಅದೇ ವರ್ಷ ಡಿ.ಸಿ.ಗೆ ಬಂದವನು ರಾಯ್ ಲ್ಯಾಸಿಟರ್, ಅಂದರೆ 1996ರಲ್ಲಿ ಇವನನ್ನು ಹಿಂದೆ ಹಾಕಿದ ಅದೇ ಮನುಷ್ಯ.

ಆ ವರ್ಷದ ನ್ಯೂ ಇಂಗ್ಲೆಂಡ್ ತೀರಾ ಕಳಪೆ ತಂಡ. 32 ಪಂದ್ಯದಲ್ಲಿ 21 ಸೋಲು, ಪೂರ್ವ ವಿಭಾಗದಲ್ಲಿ ಕೊನೆಯ ಸ್ಥಾನ. ಅಲ್ಲಿ ಎಚೆವೆರಿಯೂ ಇಲ್ಲ, ಮೊರೆನೊನೂ ಇಲ್ಲ. ಅಂಥ ಕಡೆ ದಿಯಾಸ್ ಆರ್ಸೆ 18 ಗೋಲು ಹೊಡೆದ. ನನ್ನ ಪ್ರಕಾರ 1996ರ 23ಕ್ಕಿಂತ ಈ 18 ದೊಡ್ಡದು. ಪೆನಾಲ್ಟಿ ಬಾಕ್ಸ್ ಒಳಗೆ ಚೆಂಡು ಎಲ್ಲಿ ಬೀಳುತ್ತದೆ ಅನ್ನುವುದು ಡಿಫೆಂಡರ್‌ಗಿಂತ ಮುಂಚೆ ಗೊತ್ತಾಗುವ ಜಾತಿಯ ಸ್ಟ್ರೈಕರ್ ಅವನು. ಆ ಗುಣ ತಂಡ ಬದಲಾದರೂ ಹೋಗುವುದಿಲ್ಲ, ಅಲ್ವಾ?

ಇನ್ನೊಂದು. ಲೀಗ್ ಸುಲಭ ಅಂತಾದರೆ ಎಲ್ಲರಿಗೂ ಸುಲಭ. ಬೇರೆ ದೇಶಗಳಿಂದ ದೊಡ್ಡ ಹೆಸರು ಹೊತ್ತು ಬಂದ ಫಾರ್ವರ್ಡ್‌ಗಳೂ ಅದೇ ಡಿಫೆಂಡರ್‌ಗಳ ಎದುರೇ ಆಡಿದ್ದು. 1996ರಲ್ಲಿ 23 ದಾಟಿದವನು ಲ್ಯಾಸಿಟರ್ ಒಬ್ಬನೇ.

ಕಾದಿಸ್_ಹಳದಿ

ಮಾಖಿಕೊ ಅಭಿಮಾನಿ ನಾನು, ಆದರೂ ಈ ಹೋಲಿಕೆಯೇ ಸರಿ ಇಲ್ಲ ಅನ್ನುತ್ತೇನೆ. ಅವನು ಗೋಲು ಲೆಕ್ಕದಿಂದ ನೆನಪಾಗುವವನೇ ಅಲ್ಲ. ರಾತ್ರಿ ಪೂರ್ತಿ ತಿರುಗಿ, ತರಬೇತಿಗೆ ತಡವಾಗಿ ಬಂದು, ಆಮೇಲೆ ಮೈದಾನದಲ್ಲಿ ಮೂರು ಜನರನ್ನು ದಾಟುವವನು. ಸ್ಪೇನ್‌ನಲ್ಲಿ ಅವನು ಆಡಿದ ಕಾದಿಸ್ ಊರಿನವರು ಅವನನ್ನು ಇವತ್ತಿಗೂ ಬಿಟ್ಟುಕೊಡುವುದಿಲ್ಲ. ಸಾನ್ ಸಾಲ್ವಡಾರ್‌ನ ರಾಷ್ಟ್ರೀಯ ಕ್ರೀಡಾಂಗಣಕ್ಕೂ ಅವನದೇ ಹೆಸರು.

ನಿಜವಾದ ವ್ಯತ್ಯಾಸ ವಿಶ್ವಕಪ್. ಎಲ್ ಸಾಲ್ವಡಾರ್ ಆಡಿದ್ದು 1970 ಮತ್ತು 1982 ಮಾತ್ರ. 1982ರಲ್ಲಿ ಹಂಗೇರಿ ಎದುರು 10-1ರಿಂದ ಸೋತರೂ ಮಾಖಿಕೊನನ್ನು ಜಗತ್ತು ಅಲ್ಲಿ ನೋಡಿತು, ಅದೇ ವರ್ಷ ಕಾದಿಸ್ ಸೇರಿದ. (ಆ ಪಂದ್ಯದಲ್ಲಿ ಗೋಲು ಹೊಡೆದವನು ಲೂಯಿಸ್ ರಮೀರೆಸ್ ಸಪಾಟಾ. ಆ ದೇಶದ ವಿಶ್ವಕಪ್ ಖಾತೆಯಲ್ಲಿ ಇರುವುದು ಅದೊಂದೇ ಗೋಲು.) ದಿಯಾಸ್ ಆರ್ಸೆಗೆ ಆ ವೇದಿಕೆ ಸಿಗಲೇ ಇಲ್ಲ. 1998ರ ಅರ್ಹತಾ ಸುತ್ತಿನಲ್ಲಿ ಕೊನೆಯ ಆರು ತಂಡಗಳವರೆಗೆ ಬಂದರು, ಐದನೇ ಸ್ಥಾನ. ಮೆಕ್ಸಿಕೊ, ಅಮೆರಿಕ, ಜಮೈಕಾ ಹೋದವು. ಜಮೈಕಾ ಆಟಗಾರರ ಹೆಸರು ಇವತ್ತಿಗೂ ಜನ ಹೇಳುತ್ತಾರೆ ನೋಡಿ.

ಆಫ್‌ಸೈಡ್_ಗೆರೆ

ನ್ಯೂ ಇಂಗ್ಲೆಂಡ್ ಮಾತು ಒಪ್ಪಿದೆ. ಆದರೂ ಯುರೋಪ್‌ಗೆ ಹೋಗಿದ್ದರೆ ತಾನೇ ಪೂರ್ತಿ ಗೊತ್ತಾಗುತ್ತಿದ್ದದ್ದು?

ಥ್ರೋಇನ್_ತಜ್ಞ

ಯುರೋಪ್‌ಗೆ ಹೋದ ಸಾಲ್ವಡಾರ್ ಸ್ಟ್ರೈಕರ್ ಕಥೆ ಬೇಕಾದರೆ ನೆಲ್ಸನ್ ಬೊನಿಯಾ ಹಾದಿ ನೋಡಿ. ತನ್ನ ದೇಶದ ಅಲಿಯಾನ್ಸಾ ಕ್ಲಬ್‌ನಿಂದ ಹೊರಟು ರೊಮೇನಿಯಾದಲ್ಲಿ ಹಾಜಿ ಕಟ್ಟಿದ ವಿಟೊರುಲ್, ಆಮೇಲೆ ಅಜೆರ್‌ಬೈಜಾನ್‌ನ ಜಿರಾ, ಆಮೇಲೆ ಪೋರ್ಚುಗಲ್‌ನ ನಾಸಿಯೊನಾಲ್. ಎಲ್ಲೂ ನೆಲೆ ನಿಲ್ಲಲಿಲ್ಲ. ಕೊನೆಗೆ ಥಾಯ್ಲೆಂಡ್‌ಗೆ ಬಂದು ಸುಖೋಥಾಯ್, ಬ್ಯಾಂಕಾಕ್ ಯುನೈಟೆಡ್, ಪೋರ್ಟ್ ತಂಡಗಳಲ್ಲಿ ಗೋಲು ಸುರಿಸಿದ. 2017ರ ಗೋಲ್ಡ್ ಕಪ್‌ನಲ್ಲಿ (ಉತ್ತರ, ಮಧ್ಯ ಅಮೆರಿಕ ಮತ್ತು ಕೆರಿಬಿಯನ್ ದೇಶಗಳ ಟೂರ್ನಿ) ಮೆಕ್ಸಿಕೊ ಎದುರು ಸಮ ಮಾಡಿದ ಗೋಲು ಅವನದೇ, ಆಮೇಲೆ 3-1ರಿಂದ ಸೋತರು ಬಿಡಿ. 2019ರಲ್ಲಿ ಕುರಸಾವ್ ಎದುರು 1-0 ಗೆದ್ದಾಗಲೂ ಹೊಡೆದವನು ಅವನೇ. ಚಿಕ್ಕ ದೇಶದ ಸ್ಟ್ರೈಕರ್‌ಗೆ ಯುರೋಪ್‌ನಲ್ಲಿ ಯಾರೂ ಕಾಯುವುದಿಲ್ಲ. ನಾಲ್ಕು ಪಂದ್ಯ ಗೋಲು ಬರದಿದ್ದರೆ ಬೆಂಚು.

ದಿಯಾಸ್ ಆರ್ಸೆಗೆ ವಾಷಿಂಗ್ಟನ್ ಸಿಕ್ಕಿದ್ದು ಅದೃಷ್ಟ. 1980ರಿಂದ 1992ರವರೆಗಿನ ಅಂತರ್ಯುದ್ಧದಲ್ಲಿ ದೇಶ ಬಿಟ್ಟ ಸಾಲ್ವಡಾರ್ ಜನ ಆ ಊರಿನ ಸುತ್ತಮುತ್ತ ತುಂಬಾ ಇದ್ದಾರೆ. ಡಿ.ಸಿ. ತಂಡದ ಆಗಿನ ಮೈದಾನ ಆರ್‌ಎಫ್‌ಕೆ ಸ್ಟೇಡಿಯಂನಲ್ಲಿ ಅವನು ಆಡಿದ್ದು ಪರದೇಶದಲ್ಲಿ ಅಂತ ಹೇಳುವುದೇ ಕಷ್ಟ. ಅಲ್ಲಿನ ವಲಸಿಗರನ್ನು ಕೇಳಿ ನೋಡಿ, ಅವನ ಹೆಸರು ಯಾರೂ ಮರೆತಿಲ್ಲ.

ಕೊನೆಸಾಲಿನ_ಫಾರ್ವರ್ಡ್

ಎಲ್ಲರಿಗೂ ಥ್ಯಾಂಕ್ಸ್. 1998ರ ನ್ಯೂ ಇಂಗ್ಲೆಂಡ್ ಪಂದ್ಯಗಳಿಂದಲೇ ಶುರು ಮಾಡುತ್ತೇನೆ. ಅಮೆರಿಕಕ್ಕೆ ಹೋಗುವ ಮುಂಚೆ ಉಸುಲುತಾನ್‌ನ ಲೂಯಿಸ್ ಆಂಖೆಲ್ ಫಿರ್ಪೊ ಕ್ಲಬ್‌ನಲ್ಲಿ ಆಡುತ್ತಿದ್ದನಲ್ಲ (ಅರ್ಜೆಂಟೀನಾದ ಬಾಕ್ಸರ್ ಹೆಸರಿಟ್ಟ ಕ್ಲಬ್!), ಆ ಕಾಲದ ವಿಡಿಯೊ ಯಾರ ಹತ್ತಿರವಾದರೂ ಇದೆಯಾ?

ಹಳೇ_ಸ್ಕೋರ್‌ಬೋರ್ಡ್

ಫಿರ್ಪೊ ಕಾಲದ್ದು ನನ್ನ ಹತ್ತಿರ ಇಲ್ಲ. ಡಿ.ಸಿ.ಯ ಎರಡು ಕಪ್ ಫೈನಲ್ ಇದೆ, ಸಂದೇಶ ಕಳಿಸಿ.